ಹುಣಸೆ ಕೈ, ಹಳೇ ಜೀಪು

ನಮ್ಮತ್ತೆ ಹುಣಸೆಹಣ್ಣನ್ನು ಕಣ್ಣಿಂದ ನೋಡಿ ಕೊಂಡವರಲ್ಲ. ಹಿಂದೂಪುರದ ಮಂಡಿಗೆ ಎಂಥ ನಂಬಿಕಸ್ತ ಮಾಲು ತಂದಿಳಿಸಿದರೂ ಸರಿ, ಮೂಟೆಯ ಬಾಯಿ ಬಿಚ್ಚಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕೈವರೆಗೆ ಕೈ ತೂರಿಸಿ, ತಳದಲ್ಲಿದ್ದ ಹಣ್ಣನ್ನು ಹಿಡಿದು ಮೇಲಕ್ಕೆ ತರುತ್ತಿದ್ದರು. ಮೇಲೆ ಕೆಂಪಗಿನ ಹೊಸ ಹಣ್ಣು ಹರಡಿ, ಕೆಳಗೆ ಹೋದ ವರ್ಷದ ಕಪ್ಪು ಹಣ್ಣು ತುಂಬುವುದು ಆ ವ್ಯಾಪಾರದ ಹಳೇ ಚಾಳಿ. ಹಾಗೆ ತುಂಬಿ ತಂದವನು ನಮ್ಮತ್ತೆಯ ಕೈ ಒಳಗೆ ಇಳಿಯುವಾಗಲೇ ಆಕಾಶ ನೋಡಲು ಶುರುಮಾಡುತ್ತಿದ್ದ. ಹಬ್ಬದ ದಿನ ಎಣ್ಣೆ ನೀರು ಹಾಕಿಕೊಂಡರೂ ಅವರ ಬಲಗೈಯಿಂದ ಹುಳಿ ವಾಸನೆ ಹೋಗುತ್ತಿರಲಿಲ್ಲ.

ಮಾವನವರು ತೀರಿಕೊಂಡ ಮೇಲೆ ಮಂಡಿಯನ್ನು ಅವರೇ ನಡೆಸುತ್ತಿದ್ದರು. ಗಂಡಸರ ನಡುವೆ ಒಬ್ಬ ಹೆಂಗಸು ಗಲ್ಲಾಪೆಟ್ಟಿಗೆ ಮುಂದೆ ಕೂತರೆ ಊರು ಸುಮ್ಮನಿರುತ್ತದೆಯೇ? ಮಾತಾಡಿತು, ಸುಸ್ತಾಯಿತು, ಆಮೇಲೆ ಅವರ ಹತ್ತಿರವೇ ಮಾಲು ತಂದು ಹಾಕಿತು. ಒಂದೇ ಒಂದು ಕೆಲಸ ಮಾತ್ರ ಅವರಿಂದ ಆಗುತ್ತಿರಲಿಲ್ಲ. ನಮ್ಮ ಕಡೆ ದೊಡ್ಡ ವ್ಯಾಪಾರದ ರೇಟನ್ನು ಬಾಯಲ್ಲಿ ಆಡುವುದಿಲ್ಲ. ಕೊಳ್ಳುವವನೂ ಮಾರುವವನೂ ಕೈಕೈ ಹಿಡಿದು, ಮೇಲೆ ಟವಲು ಮುಚ್ಚಿ, ಒಳಗೆ ಬೆರಳು ಹಿಸುಕಿ ರೇಟು ಹೇಳುತ್ತಾರೆ. ಒಂದು ಬೆರಳು ಹಿಡಿದರೆ ಇಷ್ಟು, ಬಿಟ್ಟರೆ ಇಷ್ಟು. ಸುತ್ತ ನಿಂತವರಿಗೆ ಇಬ್ಬರ ಮುಖ ಕಾಣುತ್ತದೆ, ರೇಟು ಕಾಣುವುದಿಲ್ಲ. ಹೆಂಗಸು ಪರಗಂಡಸಿನ ಕೈ ಹಿಡಿಯುವುದುಂಟೇ? ಹಾಗಾಗಿ ಟವಲಿನ ಕೆಳಗಿನ ಕೆಲಸಕ್ಕೆ ಮಾವನವರ ತಮ್ಮ, ಅಂದರೆ ನಮ್ಮ ಚಿಕ್ಕಮಾವ, ಇದ್ದರು. ಅತ್ತೆ ದೂರದಲ್ಲಿ ಕೂತು ಚಿಕ್ಕಮಾವನ ಮುಖ ನೋಡುತ್ತಾ ತಲೆ ಆಡಿಸಬೇಕು, ಅವರು ಅದರಂತೆ ಬೆರಳು ಹಿಸುಕಬೇಕು. ಇದು ಅತ್ತೆಗೆ ಸುತರಾಂ ಇಷ್ಟವಿರಲಿಲ್ಲ. "ಊಟ ಮಾಡೋಳು ನಾನು, ಕೈ ತೊಳೆಯೋನು ಇನ್ನೊಬ್ಬ" ಎಂದು ಗೊಣಗುತ್ತಿದ್ದರು.

ನಾನು ಆ ಮನೆಗೆ ಸೊಸೆಯಾಗಿ ಬಂದವಳು. ನನ್ನ ಬಾಯಿ ಜೋರು ಅಂತ ಹೆಣ್ಣು ನೋಡಲು ಬಂದ ದಿನವೇ ಅವರಿಗೆ ಗೊತ್ತಾಗಿತ್ತಂತೆ. ಗೊತ್ತಿದ್ದೂ ತಂದುಕೊಂಡರು. ಯಾರೋ ಕೇಳಿದ್ದಕ್ಕೆ, "ಮಂಡಿ ಮನೆಗೆ ಮೂಗಿ ತಂದ್ಕಂಡು ಏನ್ ಮಾಡಾದು ಬಿಡಮ್ಮ" ಅಂದರಂತೆ. ಆ ಒಂದು ಮಾತಿಗೇ ನಾನು ಅವರಿಗೆ ಸೋತುಹೋದೆ. ಹಾಗಂತ ಜಗಳ ಆಡಲಿಲ್ಲ ಅಂತಲ್ಲ. ದಿನಾ ಆಡಿದೆವು.

ಅತ್ತೆಗೆ ಇಬ್ಬರು ಮಕ್ಕಳು. ಮಗ ನಮ್ಮ ಯಜಮಾನರು. ಮಗಳು, ನನ್ನ ನಾದಿನಿ, ಕಲ್ಯಾಣದುರ್ಗದಿಂದ ಇನ್ನೂ ಒಳಗಿರುವ ಒಂದು ಹಳ್ಳಿಗೆ ಸೇರಿದ್ದಳು. ಕಡಲೆಕಾಯಿ ಬೆಳೆಯುವ ಮನೆ, ಒಳ್ಳೆಯ ಜನ. ರೋಡು ಮಾತ್ರ ಒಳ್ಳೆಯದಲ್ಲ. ದಿನಕ್ಕೊಂದು ಬಸ್ಸು, ಅದೂ ನಡುವೆ ಪೆನ್ನಾ ಹೊಳೆಯಲ್ಲಿ ನೀರು ಬಂದರೆ ಆ ದಡದಲ್ಲೇ ನಿಂತುಬಿಡುತ್ತಿತ್ತು.

ಮೊದಲ ಹೆರಿಗೆಗೆ ಅವಳನ್ನು ಏಳನೇ ತಿಂಗಳಲ್ಲಿ ಕರೆತರಬೇಕೆಂದು ಮಾತಾಗಿತ್ತು. ಎಂಟನೇ ತಿಂಗಳಲ್ಲಿ ಬಸುರಿಯನ್ನು ಹೊಳೆ ದಾಟಿಸುವುದಿಲ್ಲ, ಅದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಆ ಸಲ ಹೊಳೆ ಬಂತು, ಬಸ್ಸು ನಿಂತಿತು, ಏಳು ಕಳೆದು ಎಂಟು ಹತ್ತಿತು. ಬಾಡಿಗೆ ಕಾರಿನವರನ್ನು ಕೇಳಿದರೆ, ಆ ರೋಡಿಗೆ ಕಾರಿನ ಹೊಟ್ಟೆ ತಗಲುತ್ತದೆ, ಬರಲ್ಲ ಅಂದರು. ಒಂಬತ್ತಕ್ಕೆ ಕರೆತರೋಣ ಎಂದು ಎರಡೂ ಮನೆಯವರು ಸುಮ್ಮನಾದರು. ಅಷ್ಟರಲ್ಲೇ ನೋವು ಕಾಣಿಸಿಕೊಂಡು, ಎತ್ತಿನ ಗಾಡಿಯಲ್ಲಿ ಕಲ್ಯಾಣದುರ್ಗದ ಆಸ್ಪತ್ರೆಗೆ ಹೊರಟವರು ಅರ್ಧ ದಾರಿ ಕೂಡ ಮುಟ್ಟಲಿಲ್ಲ. ಮಗು ಉಳಿಯಲಿಲ್ಲ. ಅತ್ತೆ ಹೋಗಿ ಮಗಳ ಮುಖ ನೋಡಿದ್ದು ಎಲ್ಲ ಮುಗಿದ ಮೇಲೆ. ಬೀಗರ ಮೇಲೆ ಒಂದು ಮಾತು ಆಡಲಿಲ್ಲ, ದೇವರಿಗೂ ಬಯ್ಯಲಿಲ್ಲ. "ಒಂದು ಗಾಡಿ ಇದ್ದಿದ್ರೆ" ಅಂದರು, ಅಷ್ಟೇ.

ಎಂಬತ್ತರ ದಶಕದ ಆರಂಭದ ವರ್ಷಗಳು ಅವು. ನಾದಿನಿ ಮತ್ತೆ ಬಸುರಿ ಎಂದು ತಿಳಿದ ವಾರವೇ ಅತ್ತೆ ಊಟದ ಎಲೆ ಮುಂದೆ ಘೋಷಿಸಿದರು: "ಒಂದು ಜೀಪು ತಗಣಾನ." ಹುಣಸೆ ಮರ ಗುತ್ತಿಗೆ ಹಿಡಿಯಲು ಹಳ್ಳಿ ಹಳ್ಳಿ ತಿರುಗಬೇಕಲ್ಲ, ಅದಕ್ಕೆ ಅಂತ ಕಾರಣ ಕೊಟ್ಟರು. ಯಾವುದಕ್ಕೆ ಅಂತ ನಮಗೆಲ್ಲ ಗೊತ್ತಿತ್ತು. ನಮ್ಮ ಯಜಮಾನರು ಮಾತ್ರ ತಾನು ಲಾರಿ ಓಡಿಸಲು ಕಲಿತದ್ದು ಕೊನೆಗೂ ಉಪಯೋಗಕ್ಕೆ ಬಂತು ಎಂದು ಒಂದು ಮುದ್ದೆ ಜಾಸ್ತಿ ಉಂಡರು.

ಹೊಸ ಜೀಪು ನಮ್ಮ ಕೈಗೆ ನಿಲುಕುವುದಲ್ಲ. ಹಳೆಯದು ಹುಡುಕುವ ಹೊಣೆ ಚಿಕ್ಕಮಾವನ ಮೇಲೆ ಬಿತ್ತು. ಅವರಿಗೆ ಅದೊಂದು ಪಟ್ಟಾಭಿಷೇಕವಾಯಿತು. ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಡ್ರೈವರುಗಳ ಜೊತೆ ಟೀ ಕುಡಿದು ಕುಡಿದು ವಿದ್ಯೆ ಕಲಿತು ಬಂದು ನಮಗೆ ಪಾಠ ಹೇಳಿದರು.

"ಅತ್ತಿಗೆಮ್ಮ, ಹಳೇ ಗಾಡಿ ತಗಳ್ಳೋವಾಗ ಮೂರು ಕೇಳ್ಬೇಕು. ವಯಸ್ಸೆಷ್ಟು, ಎಷ್ಟು ಓಡೈತೆ, ರೇಟೆಷ್ಟು. ಮೂರೂ ಕಮ್ಮಿ ಇದ್ರೆ ಕಣ್ಮುಚ್ಕಂಡು ತಗಂಬುಡ್ಬೇಕು."

"ಮೂರೂ ಕಮ್ಮಿ ಇದ್ರೆ ಅವನ್ಯಾಕಪ್ಪ ಮಾರ್ತಾವ್ನೆ?" ಎಂದರು ಅತ್ತೆ.

ಚಿಕ್ಕಮಾವ ಇನ್ನೊಂದು ಟೀ ಕುಡಿಯಲು ಹೋಟೆಲಿಗೇ ಹೋದರು. ಬಿಡದೆ ಹುಡುಕಿ, ಊರಲ್ಲೇ ರೇಷ್ಮೆ ವ್ಯಾಪಾರಿಯೊಬ್ಬರ ಮನೆಯಲ್ಲಿ ಒಂದು ನೀಲಿ ಜೀಪು ಪತ್ತೆಮಾಡಿದರು. ಹೋಗಿ ನೋಡಿದರೆ, ನಿಜ ಹೇಳುತ್ತೇನೆ, ನನ್ನ ಕಣ್ಣು ಅರಳಿತು. ನವಿಲಿನ ಬಣ್ಣ, ಕಿಟಕಿಗೆ ಹೂವಿನ ಪರದೆ, ಸೀಟಿಗೆ ಹೊಸ ರೆಕ್ಸಿನ್. ಮೀಟರಿನಲ್ಲಿ ಓಡಿದ್ದು ಬಹಳ ಕಮ್ಮಿ. ವಯಸ್ಸೂ ಹೆಚ್ಚಿಲ್ಲ. ರೇಟೂ ಕಮ್ಮಿ ಎಂದು ತಿಳಿದು ಚಿಕ್ಕಮಾವ ಖುಷಿಯಿಂದ ಕೈ ಉಜ್ಜಿಕೊಂಡರು.

ಅತ್ತೆ ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಮರ ಗುತ್ತಿಗೆ ಹಿಡಿಯುವಾಗಲೂ ಹಾಗೇ, ಕೊಂಬೆ ನೋಡುವ ಮೊದಲು ಬುಡ ಸುತ್ತುತ್ತಿದ್ದರು. ಆಮೇಲೆ ಸೆರಗು ಸಿಕ್ಕಿಸಿ, ಹಿಂದಿನ ಸೀಟಿನ ಹತ್ತಿರ ಬಗ್ಗಿ, ಹಾಸಿದ್ದ ಮ್ಯಾಟಿನ ಅಡಿಗೆ ಕೈ ತೂರಿಸಿದರು. ಮೊಣಕೈವರೆಗೆ ಹೋಯಿತು. ಹೊರಗೆ ಬಂದಾಗ ಅಂಗೈ ತುಂಬ ಒದ್ದೆ ತುಕ್ಕಿನ ಪುಡಿ. ನಮ್ಮ ಮುಂದೆ ಆ ಕೈ ಚಾಚಿದರು.

"ಅದು ಹೋದ ಮಳೆಗಾಲದಲ್ಲಿ ಶೆಡ್ಡಲ್ಲಿ ಒಂಚೂರು ನೀರು ನಿಂತಿತ್ತು ಅಷ್ಟೆ" ಎಂದರು ಆ ವ್ಯಾಪಾರಿ. ಅವರನ್ನು ಯಾರೂ ಏನೂ ಕೇಳಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ದಾರಿಯಲ್ಲಿ ಚಿಕ್ಕಮಾವ ಮುನಿಸಿಕೊಂಡು ಹಿಂದೆ ಹಿಂದೆ ಬಂದರು. ಅತ್ತೆ ಬೀದಿ ನಲ್ಲಿಯಲ್ಲಿ ಕೈ ತೊಳೆಯುತ್ತಾ, "ಮೇಲೆ ಥಳುಕು, ಒಳಗೆ ಹುಳುಕು. ಓಡಿರೋದು ಕಮ್ಮಿ ಅಂತೀಯ. ಯಾಕ್ ಓಡಿಲ್ಲ ಅಂತ ಕೇಳ್ದಾ? ನಿಂತ್ ನಿಂತು ಕೊಳೆತೈತೆ ಕಣಪ್ಪ ಅದು" ಎಂದರು.

ಹೀಗೆ ಒಂದು ಬೇಡವಾಯಿತು, ಇನ್ನೊಂದು ಬೇಡವಾಯಿತು. ಪೆನುಕೊಂಡದಲ್ಲಿ ಒಂದನ್ನು ನೋಡಿದೆವು, ಕೋಟೆ ಬೆಟ್ಟದ ಕಡೆಯ ಏರಿನಲ್ಲೇ ಹೊಗೆ ಕಾರಿ ಕೂತುಬಿಟ್ಟಿತು. ಈ ಕಡೆ ತಿಂಗಳುಗಳು ನಿಲ್ಲುತ್ತವೆಯೇ? ಶ್ರಾವಣ ಬಂತು. ನಾದಿನಿಗೆ ಏಳು ನಡೆಯುತ್ತಿತ್ತು. ನಮ್ಮ ಲೆಕ್ಕಕ್ಕೆ ಬರುವ ಭಾನುವಾರದಿಂದ ಎಂಟು. ಅತ್ತೆ ಮಂಡಿಯಲ್ಲಿ ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನನ್ನ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದರು, ನಾನೂ ರೇಗುತ್ತಿದ್ದೆ. ಇಬ್ಬರಿಗೂ ಭಯವಾಗಿತ್ತು.

ಆಗ ಕಡಲೆಕಾಯಿ ಲಾರಿಯವನೊಬ್ಬ ಕಲ್ಯಾಣದುರ್ಗದ ಎಣ್ಣೆ ಮಿಲ್ಲಿನಲ್ಲಿ ಒಂದು ಜೀಪು ಕೊಡುತ್ತಾರಂತೆ ಎಂದ. ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೇ ನಾವು ನಾಲ್ವರೂ ಹೊರಟೆವು. ಅತ್ತೆ, ಚಿಕ್ಕಮಾವ, ನಮ್ಮ ಯಜಮಾನರು, ನಾನು. ರವಿಕೆ ಕಣ, ಅರಿಶಿನ ಕುಂಕುಮ, ಹೂವು, ಎಳ್ಳುಂಡೆ, ಮಗಳನ್ನು ಕರೆತರಲು ಏನೇನು ಬೇಕೋ ಎಲ್ಲವನ್ನೂ ಅತ್ತೆ ಚೀಲಕ್ಕೆ ತುಂಬಿಕೊಂಡಿದ್ದರು. ಗಾಡಿ ಇನ್ನೂ ಕಂಡಿಲ್ಲ, ಆಗಲೇ ಹೂವು ಕಟ್ಟಿಸಿಕೊಂಡಿದ್ದೀರಲ್ಲ ಎಂದೆ. "ನಿನ್ ಬಾಯಿಗೊಂದು ಬೀಗ ಹಾಕಮ್ಮಿ" ಎಂದರು.

ಮಿಲ್ಲಿನ ಅಂಗಳವೆಲ್ಲ ಹಿಂಡಿಯ ವಾಸನೆ. ಮಿಲ್ಲಿನ ಮಾಲೀಕರು ಹಿರಿಯರು, ದಪ್ಪ ಕನ್ನಡಕ, ಹೆಗಲ ಮೇಲೆ ಟವಲು. ಕಣ್ಣಿಗೆ ಪೊರೆ ಬಂದು ಇನ್ನು ಓಡಿಸಲು ಆಗುವುದಿಲ್ಲ, ಅದಕ್ಕೆ ಮಾರುತ್ತಿದ್ದೇನೆ ಎಂದರು. ತೆಲುಗಿನವರು, ಆದರೆ ನಮ್ಮ ಕಡೆ ಯಾರಿಗೆ ತಾನೆ ಎರಡೂ ಬರುವುದಿಲ್ಲ. ಅವರು ತೆಲುಗಿನಲ್ಲಿ ಕೇಳುವುದು, ಅತ್ತೆ ಕನ್ನಡದಲ್ಲಿ ಹೇಳುವುದು, ಹೀಗೇ ನಡೆಯಿತು.

ಜೀಪು ನೋಡಿದರೆ, ಅಯ್ಯೋ ಶಿವನೇ. ಮೊದಲು ಯಾವ ಬಣ್ಣವಿತ್ತೋ ಅದಕ್ಕೇ ಮರೆತುಹೋಗಿತ್ತು. ಹುಡ್ಡಿಗೆ ಮೂರು ತರದ ತೇಪೆ. ಪಕ್ಕದ ಕನ್ನಡಿ ಇಲ್ಲ. ವಯಸ್ಸಿನಲ್ಲಿ ನಮ್ಮ ಯಜಮಾನರಿಗಿಂತ ಒಂದೆರಡು ವರ್ಷ ಚಿಕ್ಕದು ಇರಬಹುದು. ಮೀಟರಿನ ಅಂಕಿ ಓದಿ ಚಿಕ್ಕಮಾವ ನಾಲಿಗೆ ಕಚ್ಚಿಕೊಂಡರು. ಹೋಗಲಿ ಎಂದು ರೇಟಿನ ಅಂದಾಜು ಕೇಳಿದರೆ, ಆ ನೀಲಿ ಜೀಪಿಗಿಂತ ಜಾಸ್ತಿ.

"ವಯಸ್ಸು ಜಾಸ್ತಿ, ಓಡಿರೋದು ಜಾಸ್ತಿ, ರೇಟೂ ಜಾಸ್ತಿ. ಮೂರೂ ಜಾಸ್ತಿ ಅತ್ತಿಗೆಮ್ಮ. ನಡೀರಿ, ಬಸ್ಸಿಗೆ ಹೋಗಾನ."

ಆ ಹಿರಿಯರಿಗೆ ಸಿಟ್ಟು ಬರಲಿಲ್ಲ. "ಇದಿ ತಿರಿಗಿನ ಬಂಡಿ ಅಮ್ಮಾ, ನಿಲಬೆಟ್ಟಿಂದಿ ಕಾದು" ಎಂದರು. ತಿರುಗಿದ ಗಾಡಿ ಇದು, ನಿಲ್ಲಿಸಿಟ್ಟದ್ದಲ್ಲ ಅಂತ.

ನಮ್ಮ ಯಜಮಾನರು ಬಾನೆಟ್ಟಿನ ಮೇಲೆ ಕೈ ಇಟ್ಟು ಇಂಜಿನ್ ತಣ್ಣಗಿರುವುದನ್ನು ನೋಡಿಕೊಂಡು ಸ್ಟಾರ್ಟ್ ಮಾಡಿದರು. ಒಂದೇ ಸಲಕ್ಕೆ ಹತ್ತಿತು. ಅಂಗಳದಲ್ಲಿ ಎರಡು ಸುತ್ತು ಹೊಡೆದು, ಹಿಂದಿನ ಹೊಗೆ ನೋಡಿ, ಸ್ಟೇರಿಂಗ್ ಆಡಿಸಿ, ತಾಯಿಯ ಕಡೆ ತಿರುಗಿ ತಲೆ ಆಡಿಸಿದರು. ಅತ್ತೆ ಆಗಲೇ ಹಿಂದಿನ ಸೀಟಿನ ಕೆಳಗೆ ಕೈ ತೂರಿಸಿದ್ದರು.

ಕೈ ಹೊರಬಂದಾಗ ಬೆರಳಿನಲ್ಲಿ ರಕ್ತ. ನಾನು ಗಾಬರಿಯಾಗಿ ಹತ್ತಿರ ಹೋದೆ. ಅಂಗೈಯಲ್ಲಿ ಒಣ ಧೂಳು, ಕಡಲೆಕಾಯಿ ಸಿಪ್ಪೆ, ಅರಿಶಿನ ಹತ್ತಿದ ಅಕ್ಷತೆ ಕಾಳು, ಹಸಿರು ಗಾಜಿನ ಬಳೆಯ ಚೂರುಗಳು. ಅದರಲ್ಲೊಂದು ಚೂರು ಚುಚ್ಚಿತ್ತು. ಇವುಗಳ ನಡುವೆ ಒಂದು ಪುಟ್ಟ ಕರಿಬಳೆ, ಹಸುಗೂಸಿನ ಕೈಗೆ ದೃಷ್ಟಿಯಾಗದಿರಲೆಂದು ಹಾಕುವಂಥದ್ದು.

ಆ ಹಿರಿಯರು ನಾಚಿಕೊಂಡರು. ಗುಡಿಸಿಲ್ಲಮ್ಮಾ, ಏನೂ ಅಂದುಕೊಳ್ಳಬೇಡಿ ಎಂದರು. ಮಿಲ್ಲಿನ ಕೆಲಸಕ್ಕೆಂದು ತಂದ ಜೀಪು, ಆದರೆ ಸುತ್ತಲ ಹಳ್ಳಿಗಳಲ್ಲಿ ಹೆಣ್ಣುಮಕ್ಕಳನ್ನು ಕರೆತರುವುದು, ಬಿಟ್ಟುಬರುವುದು, ಹೆರಿಗೆಗೆ ಆಸ್ಪತ್ರೆಗೆ ಮುಟ್ಟಿಸುವುದು ಎಲ್ಲ ಇದರಲ್ಲೇ ಆಗಿದೆ, ಯಾರು ಬಂದು ಕೇಳಿದರೂ ತಾನೇ ಓಡಿಸಿಕೊಂಡು ಹೋಗುತ್ತಿದ್ದೆ ಎಂದು ವಿವರಿಸಿದರು. ಅತ್ತೆ ಅವರ ಮಾತು ಕೇಳಿಸಿಕೊಂಡರೋ ಇಲ್ಲವೋ. ಆ ಕರಿಬಳೆಯನ್ನು ರಕ್ತದ ಬೆರಳಿನ ತುದಿಗೆ ಏರಿಸಿಕೊಂಡು ನೋಡುತ್ತಿದ್ದರು.

"ನೋಡಮ್ಮಿ" ಎಂದರು ನನಗೆ. "ಹೋಗೋವಾಗ ಹೊಟ್ಟೇಲಿದ್ದ ಕೂಸು, ಬರೋವಾಗ ಕೈಗೆ ಬಳೆ ಹಾಕ್ಕಂಡು ಬಂದೈತೆ."

ಬಳೆ, ಅಕ್ಷತೆ, ಚೂರು, ಸಿಪ್ಪೆ ಎಲ್ಲವನ್ನೂ ಹಾಗೇ ಸೀಟಿನ ಕೆಳಗೆ ವಾಪಸು ಹಾಕಿದರು. ಆಮೇಲೆ ಚಿಕ್ಕಮಾವನ ಕಡೆ ತಿರುಗಿದರು. "ಅಷ್ಟು ಮೈಲಿ ಓಡೈತೆ ಅಂತ ಹೆದರ್ತೀಯಲ್ಲಪ್ಪ. ಅಷ್ಟು ಓಡೈತೆ ಅಂದ್ರೆ ಅಷ್ಟೂ ಸಲ ಮನೆಗೆ ವಾಪಸ್ ಬಂದೈತೆ ಅಂತ ತಾನೆ? ಹುಣಸೆ ಮುಪ್ಪಾದ್ರೆ ಹುಳಿ ಮುಪ್ಪಾ? ಟವಲ್ ಹಾಕು."

ಚಿಕ್ಕಮಾವ ಕೈ ಚಾಚಿದರು. ಆ ಹಿರಿಯರು ಚಾಚಲಿಲ್ಲ. "ಶುಕ್ರವಾರಂ ಬಂಡಿ ಇವ್ವನಮ್ಮಾ" ಎಂದರು. ಶುಕ್ರವಾರ ಗಾಡಿ ಕೊಡುವುದಿಲ್ಲ ಅಂತ, ಅದರಲ್ಲೂ ಶ್ರಾವಣ ಶುಕ್ರವಾರ. ಆ ದಿನ ಮನೆಯ ಲಕ್ಷ್ಮಿಯನ್ನು ಯಾರು ಹೊರಗೆ ಕೊಡುತ್ತಾರೆ? ಸೋಮವಾರ ಬನ್ನಿ, ಸಂತೋಷವಾಗಿ ಕೊಡುತ್ತೇನೆ ಎಂದರು. ಅವರದು ತಪ್ಪಲ್ಲ. ನಮ್ಮ ಮಂಡಿಯಿಂದಲೂ ಶುಕ್ರವಾರ ಒಂದು ಬುಟ್ಟಿ ಹಣ್ಣು ಹೊರಗೆ ಹೋಗುವುದಿಲ್ಲ. ಭಯದಲ್ಲಿ ವಾರ ಯಾವುದು ಎಂದು ನೋಡದೆ ಬಸ್ಸು ಹತ್ತಿದವರು ನಾವೇ.

ಅಲ್ಲಿಯವರೆಗೆ ನಮ್ಮತ್ತೆ ಪರರ ಮುಂದೆ ಮಗಳ ವಿಷಯ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಅಂದು ಎತ್ತಿದರು. ಹೋದ ಸಲದ್ದನ್ನು, ಎತ್ತಿನ ಗಾಡಿಯನ್ನು, ಭಾನುವಾರಕ್ಕೆ ಎಂಟು ಹತ್ತುವುದನ್ನು ಎಲ್ಲ ಹೇಳಿದರು. ಅಷ್ಟು ಹೊತ್ತೂ ಕೈ ಸೀಟಿನ ಕಂಬಿ ಬಿಟ್ಟಿರಲಿಲ್ಲ.

ಆ ಹಿರಿಯರು ಕನ್ನಡಕ ತೆಗೆದು ಟವಲಿನಿಂದ ಒರೆಸಿಕೊಂಡರು. ಆಮೇಲೆ ನಮ್ಮ ಯಜಮಾನರ ಕೈಗೆ ಬೀಗದ ಕೈ ಇಟ್ಟರು. ಮಾರುವುದು ಸೋಮವಾರವೇ, ಅದರಲ್ಲಿ ಬದಲಾವಣೆ ಇಲ್ಲ. ಇವತ್ತು ಮಾರುತ್ತಿಲ್ಲ, ಹೆಣ್ಣುಮಗಳನ್ನು ಕರೆತರಲು ಯಾರಾದರೂ ಕೇಳಿದರೆ ಎಂದೂ ಇಲ್ಲ ಅಂದಿಲ್ಲ, ಇವತ್ತೂ ಅನ್ನುವುದಿಲ್ಲ ಎಂದರು. ನಮ್ಮ ಹೆಸರು ಕೇಳಿದರು, ಊರು ಕೇಳಿದರು. ಮುಂಗಡ ಕೇಳಲಿಲ್ಲ. ಚಿಕ್ಕಮಾವ ದುಡ್ಡಿನ ಚೀಲ ಬಿಚ್ಚಲು ಹೋದರೆ, ಶುಕ್ರವಾರ ಅಂದೆನಲ್ಲಪ್ಪ ಎಂದು ಗದರಿದರು. ಮುಖ ಪರಿಚಯ ಕೂಡ ಇಲ್ಲದ ನಾಲ್ಕು ಜನಕ್ಕೆ ಒಬ್ಬ ಮನುಷ್ಯ ತನ್ನ ಜೀಪು ಒಂದು ಕಾಸೂ ಹಿಡಿಯದೆ ಕೊಟ್ಟು, ಟ್ಯಾಂಕು ತುಂಬಿಸಿ ಕಳಿಸಿದ. ಇದನ್ನು ನಾನು ಇವತ್ತಿಗೂ ಯಾರಿಗೆ ಹೇಳಿದರೂ ನಂಬುವುದಿಲ್ಲ. ನಂಬದಿದ್ದರೆ ಬಿಡಿ, ನಾನು ಆ ಜೀಪಿನಲ್ಲಿ ಕೂತಿದ್ದೆ.

ಹಳ್ಳಿ ಮುಟ್ಟಿದರೆ ಅಲ್ಲಿ ಇನ್ನೊಂದು ಶುಕ್ರವಾರ ಕಾದಿತ್ತು. ಬೀಗಿತ್ತಿ ನಮ್ಮನ್ನು ಕಂಡು ಖುಷಿಪಟ್ಟು, ಹೋಳಿಗೆ ಬಡಿಸಿ, "ಶ್ರಾವಣ ಶುಕ್ರವಾರ ಸೊಸೇನ ಹೊಸ್ಲು ದಾಟ್ಸಕಾಯ್ತದಾ ಬೀಗ್ರೆ? ಬೆಳಗಾಗ್ಲಿ" ಎಂದರು. ಆ ಶುಕ್ರವಾರದ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ಬಾಯಿ ತುಂಬಿಕೊಂಡಿತು.

ಶನಿವಾರ ಬೆಳಿಗ್ಗೆ ಮಡಿಲು ತುಂಬಿ ಹೊರಟೆವು. ನಾದಿನಿ ಹೊಟ್ಟೆಯ ಮೇಲೆ ಎರಡು ಕೈ ಇಟ್ಟುಕೊಂಡು ರೋಡನ್ನೇ ನೋಡುತ್ತಿದ್ದಳು. ಅದೇ ರೋಡು ತಾನೆ. ನಾನು ಅವಳಿಗೆ ಒತ್ತಿಕೊಂಡು ಕೂತು ಊರಿನ ಚಾಡಿಯನ್ನೆಲ್ಲ ಹೇಳಿದೆ. ಅರ್ಧ ಸುಳ್ಳು. ಅವಳು ಒಂದು ಸಲವೂ ನಗಲಿಲ್ಲ.

ಪೆನ್ನಾ ಹೊಳೆಗೆ ಬಂದರೆ ನೀರು. ಮೇಲೆಲ್ಲೋ ಮಳೆಯಾಗಿದೆ, ಮರಳು ಕಾಣದಂತೆ ಕೆಂಪು ನೀರು ಹರಿಯುತ್ತಿದೆ. ದಡದಲ್ಲಿ ಬಸ್ಸು ನಿಂತಿತ್ತು. ಜನ ಇಳಿದು ಮರದ ಕೆಳಗೆ ಬೀಡಿ ಸೇದುತ್ತಾ ಕೂತಿದ್ದರು. ಆ ಬಸ್ಸು ನೋಡಿದ ಕೂಡಲೇ ನಾದಿನಿ, "ಅಮ್ಮ, ವಾಪಸ್ ಹೋಗಾನ" ಎಂದಳು.

ನಮ್ಮ ಯಜಮಾನರಿಗೂ ಧೈರ್ಯ ಸಾಲಲಿಲ್ಲ. ಗಾಡಿ ನಮ್ಮದಲ್ಲ, ಕೆಳಗೆ ಮರಳು ಎಲ್ಲಿ ಗಟ್ಟಿ ಎಲ್ಲಿ ಸಡಿಲ ಗೊತ್ತಿಲ್ಲ ಎಂದರು. ಅತ್ತೆ ಇಳಿದರು. ಚೀಲದಿಂದ ಅರಿಶಿನ ಕುಂಕುಮ ತೆಗೆದು ಹೊಳೆಗೆ ಬಿಟ್ಟರು. ಕಚ್ಚೆ ಹಾಕಿದ ಹಾಗೆ ಸೀರೆ ಸಿಕ್ಕಿಸಿ ನೀರಿಗೆ ಇಳಿದರು. ಹತ್ತು ಹೆಜ್ಜೆ ಹೋಗಿ, ಬಗ್ಗಿ, ನೀರಿನೊಳಗೆ ಮೊಣಕೈವರೆಗೆ ಕೈ ಹಾಕಿ ತಳದ ಮರಳನ್ನು ಹಿಡಿದು ನೋಡಿದರು. ಎಡಕ್ಕೆ ಸರಿದರು, ಮತ್ತೆ ಬಗ್ಗಿದರು. ಆಮೇಲೆ ತಿರುಗಿ ಮಗನಿಗೆ ಕೈ ಬೀಸಿದರು, ಬಾ ಅಂತ.

ಯಜಮಾನರು ಪಕ್ಕದ ಸಣ್ಣ ಗೇರಿನ ಕಡ್ಡಿ ಎಳೆದು ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಎಳೆತ ಬರುವಂತೆ ಮಾಡಿ ಜೀಪನ್ನು ನೀರಿಗೆ ಇಳಿಸಿದರು. ಮುಂದೆ ಅತ್ತೆ ಬಗ್ಗಿ ಎದ್ದು ಬಗ್ಗಿ ಎದ್ದು ನಡೆಯುತ್ತಿದ್ದಾರೆ, ಹಿಂದೆ ಆ ಮುದಿ ಜೀಪು. ದಡದ ಜನ ಬೀಡಿ ಬಿಸಾಕಿ ಎದ್ದು ನಿಂತರು. ನಡುಹೊಳೆಯಲ್ಲಿ ಒಂದು ಕಡೆ ಹಿಂದಿನ ಚಕ್ರ ಇಳಿಯಿತು. ನೀರು ನಮ್ಮ ಪಾದಕ್ಕೆ ಬಂತು. ನಾದಿನಿ ನನ್ನ ತೋಳು ಹಿಡಿದಳು, ಉಗುರಿನ ಗುರುತು ವಾರ ಹೋಗಲಿಲ್ಲ. ಇಂಜಿನ್ ಒಂದೇ ದನಿಯಲ್ಲಿ ಗೊರ್ರೆನ್ನುತ್ತಿತ್ತು, ಏರಲೂ ಇಲ್ಲ ಇಳಿಯಲೂ ಇಲ್ಲ. ಜೀಪು ಮೆಲ್ಲಗೆ ಎದ್ದಿತು. ಎದ್ದು, ಮುಂದೆ ಹೋಗಿ, ಆಚೆ ದಡ ಹತ್ತಿತು. ನನಗೆ ಆಗ ಆದ ಸಂತೋಷವನ್ನು ಹೇಗೆ ಹೇಳುವುದೋ ತಿಳಿಯದು. ಒದ್ದೆ ಸೀರೆಯಲ್ಲಿ ಅತ್ತೆ ಹತ್ತಿ ಕೂತಾಗ ಅವರ ಆ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡುಬಿಟ್ಟೆ. "ಏನಮ್ಮಿ ನಿಂದು, ಬಿಡು ಅತ್ಲಾಗೆ" ಎಂದು ಕೊಸರಿಕೊಂಡರು. ನಾದಿನಿ ನಕ್ಕಳು. ಅವಳ ನಗು ಕೇಳಿ ಎಷ್ಟು ಕಾಲವಾಗಿತ್ತು.

ಸೋಮವಾರ ಚಿಕ್ಕಮಾವ ಮತ್ತು ಯಜಮಾನರು ಜೀಪು ತೆಗೆದುಕೊಂಡು ಕಲ್ಯಾಣದುರ್ಗಕ್ಕೆ ಹೋದರು. ಆ ಹಿರಿಯರು ಮೊದಲು ಕೇಳಿದ್ದು ಮಗಳು ಬಂದಳಾ ಅಂತ. ಆಮೇಲೆ ಟವಲು ಹಾಸಿದರು. ಚಿಕ್ಕಮಾವ ಇಡೀ ರೇಟಿಗೆ ಸಿದ್ಧವಾಗಿ ಹೋಗಿದ್ದವರು, ಏಕೆಂದರೆ ಈ ಸಲ ಚೌಕಾಸಿ ಮಾಡಿದರೆ ಕೈ ಮುರೀತೀನಿ ಎಂದು ಅತ್ತೆ ಹೇಳಿದ್ದರು. ಆದರೆ ಒಳಗೆ ಆ ಹಿರಿಯರೇ ತಾವಾಗಿ ಒಂದು ಬೆರಳು ಬಿಟ್ಟು ಅಷ್ಟು ರೇಟು ಇಳಿಸಿದರಂತೆ. ಮಗಳ ಅರಿಶಿನ ಕುಂಕುಮಕ್ಕೆ ಎಂದರಂತೆ. ಚಿಕ್ಕಮಾವ ಮನೆಗೆ ಬಂದು ಇದನ್ನು ಎರಡೆರಡು ಸಲ ಹೇಳಿದರು. ಮಂಡಿಯಲ್ಲಿ ಅಷ್ಟು ವರ್ಷ ಟವಲಿನ ಕೆಳಗೆ ಕೈ ಇಟ್ಟವರು, ಮಾರುವವನೇ ಬೆರಳು ಬಿಟ್ಟಿದ್ದನ್ನು ಕಂಡಿರಲಿಲ್ಲ.

ದೀಪಾವಳಿಗೆ ಮುಂಚೆ ನಾದಿನಿಗೆ ಹೆಣ್ಣುಮಗು ಆಯಿತು. ಸರ್ಕಾರಿ ಆಸ್ಪತ್ರೆ ನಮ್ಮ ಮನೆಯಿಂದ ಎರಡು ಬೀದಿ ಆಚೆ, ನಡೆದೇ ಹೋಗಬಹುದಿತ್ತು. ಅತ್ತೆ ಬಿಡಲಿಲ್ಲ, ಜೀಪಿನಲ್ಲೇ ಕರೆದುಕೊಂಡು ಹೋದರು. ಐದನೇ ತಿಂಗಳಲ್ಲಿ ಅದೇ ಜೀಪಿನಲ್ಲಿ ತಾಯಿಮಗುವನ್ನು ಬಿಟ್ಟುಬರಲು ಹೊರಟಾಗ ಮಿಲ್ಲಿನ ಅಂಗಳದಲ್ಲಿ ನಿಲ್ಲಿಸಿದೆವು. ಆ ಹಿರಿಯರು ಮಗುವನ್ನು ಕನ್ನಡಕದ ಹತ್ತಿರಕ್ಕೆ ತಂದುಕೊಂಡು ಬಹಳ ಹೊತ್ತು ನೋಡಿದರು. ಹಳ್ಳಿ ಮುಟ್ಟಿ ನೋಡಿದರೆ ಮಗುವಿನ ಒಂದು ಕೈಯ ಕರಿಬಳೆ ಇಲ್ಲ. ನಾದಿನಿ ಸೀಟೆಲ್ಲ ತಡಕಲು ಹೊರಟಳು. "ಬಿಡು, ಎಲ್ಲೋಯ್ತದೆ, ಬೇರೆ ತಂದ್ರಾಯ್ತು" ಎಂದ ಅತ್ತೆ ಬೇರೆ ಕಡೆ ಮುಖ ತಿರುಗಿಸಿಕೊಂಡರು. ನನಗೆ ಅನುಮಾನ ಬಂತು.

ಆ ಜೀಪು ನಮ್ಮ ಮನೆಯಲ್ಲಿ ಬಹಳ ವರ್ಷ ದುಡಿಯಿತು. ಹುಣಸೆ ಮರಗಳ ಸುತ್ತ ತಿರುಗಿತು, ಬೀದಿಯ ಯಾರ ಮನೆಯ ಹೆಣ್ಣುಮಗಳು ಬಂದರೂ ಹೋದರೂ ಹೋಯಿತು. ತೊಳೆಯುವಾಗ ಹಿಂದಿನ ಸೀಟಿನ ಕೆಳಗೆ ಪೊರಕೆ ಹಾಕುವಂತಿರಲಿಲ್ಲ, ಅದು ಅತ್ತೆಯ ಕಟ್ಟಪ್ಪಣೆ. ತೊಂಬತ್ತರ ದಶಕದಲ್ಲಿ ಮಂಡಿಯ ವ್ಯವಹಾರ ಕಡಿಮೆ ಮಾಡಿದೆವು, ಜೀಪು ಕೊಡುವುದೆಂದು ತೀರ್ಮಾನವಾಯಿತು. ಚಿಕ್ಕಮಾವ ಅಷ್ಟರಲ್ಲಿ ತೀರಿಕೊಂಡಿದ್ದರು. ಅತ್ತೆಗೆ ತುಂಬ ವಯಸ್ಸಾಗಿತ್ತು, ಜಗಲಿಯ ಮೇಲೆ ಕುರ್ಚಿ ಹಾಕಿ ಕೂರಿಸುತ್ತಿದ್ದೆವು.

ಚಿಲಮತ್ತೂರಿನ ಕಡೆಯ ಒಬ್ಬರು ನೋಡಲು ಬಂದರು. ತರಕಾರಿ ತೋಟ, ಒಳಗಿನ ಹಳ್ಳಿ, ವಯಸ್ಸು ಮೂವತ್ತು ಇರಬೇಕು. ಸುತ್ತು ಹಾಕಿದರು, ಟೈರು ಒದ್ದರು. ಎಷ್ಟನೇ ಇಸವಿ ಗಾಡಿ, ಮೀಟರ್ ಯಾಕೆ ನಿಂತಿದೆ, ನಿಜವಾಗಿ ಎಷ್ಟು ಓಡಿದೆ ಎಂದು ಒಂದಾದ ಮೇಲೊಂದು ಕೇಳಿದರು. ನಮ್ಮ ಯಜಮಾನರು ತಡವರಿಸುತ್ತಿದ್ದರು.

ಜಗಲಿಯಿಂದ ಅತ್ತೆ ಕರೆದು ಹೇಳಿದರು: "ಆ ಹಿಂದ್ಗಡೆ ಸೀಟ್ ಕೆಳಗೆ ಕೈ ಹಾಕಪ್ಪ. ಮೊಣಕೈಗಂಟ ಹಾಕು."

ಅವರು ಹಾಕಿದರು. ಒಣ ಧೂಳು, ಅಕ್ಷತೆ ಕಾಳು, ಬಳೆ ಚೂರು. ಅವುಗಳ ಜೊತೆ ಎರಡು ಪುಟ್ಟ ಕರಿಬಳೆ. ಒಂದು ಕೊಂಡಾಗ ಇದ್ದದ್ದು. ಇನ್ನೊಂದನ್ನು ನಾನು ನೋಡಿದ ಕೂಡಲೇ ಗುರುತು ಹಿಡಿದೆ.

"ಏನಮ್ಮ ಇದು?" ಎಂದರು ಅವರು.

"ಎಷ್ಟು ಓಡೈತೆ ಅಂತ ಕೇಳಿದ್ಯಲ್ಲಪ್ಪ. ಅದೇ."

ಅವರು ಬಳೆಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. ಆಮೇಲೆ ಬಗ್ಗಿ, ಎಲ್ಲಿಂದ ತೆಗೆದರೋ ಅಲ್ಲಿಗೇ ವಾಪಸು ಇಟ್ಟರು. ಕೈ ಒರೆಸಿಕೊಂಡು, ಇನ್ನೊಂದು ಪ್ರಶ್ನೆ ಕೇಳದೆ ಹೆಗಲಿನ ಟವಲು ತೆಗೆದರು. ಯಜಮಾನರು ಮುಂದೆ ಹೋಗುವಷ್ಟರಲ್ಲಿ ಅತ್ತೆ ಕುರ್ಚಿಯಲ್ಲಿ ಕೂತಲ್ಲೇ ತಮ್ಮ ಬಲಗೈ ಚಾಚಿದರು. ಆ ವಯಸ್ಸಿನ ಮುದುಕಿಯ ಕೈ ಹಿಡಿದರೆ ಯಾರು ಏನಂದಾರು? ಕೊಳ್ಳಲು ಬಂದವರು ಟವಲು ಮುಚ್ಚಿದರು. ಜೀವಮಾನವೆಲ್ಲ ದೂರ ಕೂತು ತಲೆ ಆಡಿಸಿದ ನಮ್ಮತ್ತೆ ಮೊದಲ ಸಲ ತಮ್ಮ ಬೆರಳಿನಿಂದ ತಾವೇ ವ್ಯಾಪಾರ ಮಾಡಿದರು. ಮುಖದಲ್ಲಿ ಏನೂ ತೋರಿಸಲಿಲ್ಲ, ಪಕ್ಕಾ ಮಂಡಿಯವರ ಹಾಗೆ.

ಜೀಪು ಬೀದಿ ತಿರುಗಿ ಹೋದ ಮೇಲೆ ನಾನು ಕೇಳಿದೆ, ಎಷ್ಟಕ್ಕೆ ಕೊಟ್ರಿ ಅಂತ. ಟವಲಿನ ಕೆಳಗಿನ ಮಾತು ಹೊರಗೆ ಹೇಳುವುದಿಲ್ಲ ಎಂದರು.

"ಒಂದು ಬೆರಳು ಬಿಟ್ಟೆ" ಎಂದಷ್ಟೇ ಹೇಳಿದರು.

"ಯಾಕೆ?"

"ಅವನು ಆ ಬಳೆಗಳ್ನ ಎಸೀಲಿಲ್ವಲ್ಲಮ್ಮಿ."